ಕನ್ನಡ ಮಾಧ್ಯಮದ ವಿಜ್ಞಾನ ತರಗತಿಗೆ ನಿಜವಾಗಿ ಉಪಯೋಗಕ್ಕೆ ಬರುವ ಡಿಜಿಟಲ್ ಸಾಮಗ್ರಿಗಳು ಯಾವುವು?

ನಿಮ್ಮ ಪ್ರಶ್ನೆಯ ಸಾರಾಂಶ ಇದು: ಗೌರಿಬಿದನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ವಿಜ್ಞಾನ ಶಿಕ್ಷಕರಾಗಿ ಹೊಸದಾಗಿ ಬಂದಿದ್ದೀರಿ, ಶಾಲೆಯಲ್ಲಿ ಒಂದು ಟಿವಿ, ಒಂದು ಹಳೆಯ ಲ್ಯಾಪ್‌ಟಾಪ್ ಇವೆ, ಇಂಟರ್ನೆಟ್ ಎಂದರೆ ನಿಮ್ಮ ಮೊಬೈಲ್ ಮಾತ್ರ, ಜಾಲತಾಣ, ಆ್ಯಪ್‌ಗಳ ಪಟ್ಟಿಗಳು ಬೇಕಾದಷ್ಟು ಸಿಕ್ಕಿವೆ, ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ, ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕೊಡಲು ಮುಂದೆ ಬಂದಿದ್ದಾರೆ, ಅದರಲ್ಲಿ ಯಾವ ಆ್ಯಪ್‌ಗೆ ಚಂದಾ ಕಟ್ಟಬೇಕು ಎಂದು ಕೇಳಿದ್ದೀರಿ. ನಾನು ಪಕ್ಕದ ಮಧುಗಿರಿ ತಾಲ್ಲೂಕಿನಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ಪರಿಸ್ಥಿತಿಯೂ ಹೆಚ್ಚುಕಡಿಮೆ ನಿಮ್ಮದರಂತೆಯೇ ಇರುವುದರಿಂದ ನನ್ನ ಅನುಭವ ನಿಮಗೆ ಹೊಂದಬಹುದು.

ಮೊದಲು ಆ ಪಟ್ಟಿಗಳನ್ನು ಪಕ್ಕಕ್ಕಿಡಿ. ಒಂದು ಉಪಕರಣ ಹಿಡಿದುಕೊಂಡು ಅದಕ್ಕೆ ಪಾಠ ಹುಡುಕುವ ಬದಲು, ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಗುರುತು ಮಾಡಿಕೊಂಡು, ಆ ಒಂದು ಜಾಗಕ್ಕೆ ಬೇಕಾದದ್ದನ್ನು ಹುಡುಕುವುದು ಒಳ್ಳೆಯದು. ಇಡೀ ಅಧ್ಯಾಯಕ್ಕೆ ಡಿಜಿಟಲ್ ಸಾಮಗ್ರಿ ಬೇಕಾಗುವುದಿಲ್ಲ. ಕರಿಹಲಗೆಯ ಮೇಲೆ ಚೆನ್ನಾಗಿ ಆಗುವ ಕೆಲಸವನ್ನು ಟಿವಿಗೆ ಒಪ್ಪಿಸುವುದರಿಂದ ಅವಧಿ ಹಾಳಾಗುತ್ತದೆಯೇ ಹೊರತು ಕಲಿಕೆ ಹೆಚ್ಚುವುದಿಲ್ಲ. ಹೀಗೆ ಹುಡುಕುವಾಗ ನಾನು ನೋಡುವುದು ಮೂರೇ ಸಂಗತಿ: ಅದು ಕನ್ನಡದಲ್ಲಿದೆಯೇ ಅಥವಾ ಭಾಷೆಯ ಹಂಗಿಲ್ಲದೆ ಅರ್ಥವಾಗುತ್ತದೆಯೇ, ಮನೆಯಲ್ಲಿ ಇಳಿಸಿಕೊಂಡು ಬಂದು ಇಂಟರ್ನೆಟ್ ಇಲ್ಲದೆ ತೋರಿಸಬಹುದೇ, ನಲವತ್ತು ನಿಮಿಷದ ಅವಧಿಯಲ್ಲಿ ಐದಾರು ನಿಮಿಷಕ್ಕಿಂತ ಹೆಚ್ಚು ಕಾಲ ತಿನ್ನದೆ ಇರುತ್ತದೆಯೇ.

ಎಲ್ಲರೂ ಮೊದಲು ಹೇಳುವುದು ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್ ಬಗ್ಗೆ. 2017ರ ಶಿಕ್ಷಕರ ದಿನದಂದು ಆರಂಭವಾದ ಈ ವೇದಿಕೆಯ ಕ್ಯೂಆರ್ ಕೋಡ್‌ಗಳು ನಮ್ಮ ಪಠ್ಯಪುಸ್ತಕಗಳ ಅಧ್ಯಾಯಗಳಲ್ಲೇ ಅಚ್ಚಾಗಿವೆ. ಕೋಡ್ ಮಸುಕಾಗಿ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳನ್ನು ಆ್ಯಪ್‌ನಲ್ಲಿ ಬೆರಳಚ್ಚು ಮಾಡಿದರೂ ಅದೇ ಪುಟ ತೆರೆಯುತ್ತದೆ. ಸಾಮಗ್ರಿಯ ಗುಣಮಟ್ಟ ಮಾತ್ರ ಒಂದೇ ಸಮ ಇಲ್ಲ. ಕೆಲವು ವಿಡಿಯೋಗಳು ಪಠ್ಯದ ಸಾಲುಗಳನ್ನೇ ಗಟ್ಟಿಯಾಗಿ ಓದುತ್ತವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದ್ದರಿಂದ ಹಿಂದಿನ ರಾತ್ರಿ ಪೂರ್ತಿ ನೋಡದೆ ಯಾವುದನ್ನೂ ತರಗತಿಗೆ ಒಯ್ಯಬೇಡಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರಸಾರವಾದ ಸಂವೇದ ಇ-ತರಗತಿಗಳು ಯೂಟ್ಯೂಬ್‌ನಲ್ಲಿವೆ. ಅವನ್ನು ಮಕ್ಕಳ ಮುಂದೆ ಓಡಿಸಲು ನಾನು ಹೇಳುವುದಿಲ್ಲ, ಏಕೆಂದರೆ ತರಗತಿಯಲ್ಲಿ ಶಿಕ್ಷಕರೇ ನಿಂತಿರುವಾಗ ಇನ್ನೊಬ್ಬ ಶಿಕ್ಷಕರ ದೀರ್ಘ ಉಪನ್ಯಾಸಕ್ಕೆ ಅರ್ಥವಿಲ್ಲ. ಆದರೆ ಹೊಸದಾಗಿ ಬಂದಿರುವ ನಿಮಗೆ, ಅನುಭವಸ್ಥರು ಒಂದು ಅಧ್ಯಾಯವನ್ನು ಎಲ್ಲಿ ಬಿಡಿಸುತ್ತಾರೆ, ಯಾವ ಉದಾಹರಣೆ ಎತ್ತಿಕೊಳ್ಳುತ್ತಾರೆ ಎಂದು ತಿಳಿಯಲು ಅವು ಬಹಳ ಉಪಯುಕ್ತ.

ನನಗೆ ಅತಿ ಹೆಚ್ಚು ಪ್ರಯೋಜನ ಕೊಟ್ಟಿರುವುದು ಫೆಟ್ (PhET) ಎಂಬ, ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ ಅಣಕು ಪ್ರಯೋಗಗಳ ಸಂಗ್ರಹ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೈಮನ್ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಆರಂಭಿಸಿದರು, ಪೂರ್ತಿ ಉಚಿತ. ಎಲ್ಲವೂ ಕನ್ನಡದಲ್ಲಿಲ್ಲ, ಆದರೆ ಕನ್ನಡಕ್ಕೆ ಬಂದಿರುವುವು ಸಾಕಷ್ಟಿವೆ. ಜಾಲತಾಣದಲ್ಲಿ ಭಾಷೆಯನ್ನು ಆರಿಸಿಕೊಂಡು ಫೈಲನ್ನು ಇಳಿಸಿಕೊಂಡರೆ, ಆಮೇಲೆ ಇಂಟರ್ನೆಟ್ ಇಲ್ಲದಿದ್ದರೂ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆಯುತ್ತದೆ. ಒಂದು ಮಾತು ನೆನಪಿಡಿ: ವಿಡಿಯೋಗಳಂತೆ ಇವನ್ನು ಪೆನ್‌ಡ್ರೈವ್‌ಗೆ ಹಾಕಿ ನೇರವಾಗಿ ಟಿವಿಗೆ ಚುಚ್ಚಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ; ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಎಳೆಯಬೇಕು.

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ಬಲ್ಬು ಉರಿದಾಗ ಅದು ವಿದ್ಯುತ್ ಪ್ರವಾಹವನ್ನು ಸ್ವಲ್ಪ ತಿಂದುಬಿಡುತ್ತದೆ, ಆದ್ದರಿಂದ ಬಲ್ಬಿನಿಂದಾಚೆ ಪ್ರವಾಹ ಕಡಿಮೆ ಇರುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಓಮನ ನಿಯಮವನ್ನು ತಪ್ಪಿಲ್ಲದೆ ಬರೆಯುವವರೂ ಒಳಗೊಳಗೆ ಹಾಗೆಯೇ ನಂಬಿರುತ್ತಾರೆ. ಫೆಟ್‌ನ ವಿದ್ಯುನ್ಮಂಡಲ (ಸರ್ಕ್ಯೂಟ್) ಜೋಡಣೆಯ ಪ್ರಯೋಗದಲ್ಲಿ 9 ವೋಲ್ಟ್ ಬ್ಯಾಟರಿಗೆ 10 ಓಮ್ ಬಲ್ಬೊಂದನ್ನು ಜೋಡಿಸಿ, ಅಮ್ಮೀಟರನ್ನು ಬಲ್ಬಿನ ಈಚೆ ಇಟ್ಟು 0.9 ಆಂಪಿಯರ್ ತೋರಿಸಿ. ಅಲ್ಲಿಗೆ ನಿಲ್ಲಿಸಿ, ಆಚೆ ಎಷ್ಟಿರಬಹುದೆಂದು ಮಕ್ಕಳಿಂದ ನೋಟ್‌ಬುಕ್‌ನಲ್ಲಿ ಬರೆಸಿ, ಕೈ ಎತ್ತಿಸಿ, ಆಮೇಲಷ್ಟೇ ಅಮ್ಮೀಟರನ್ನು ಆಚೆ ಸರಿಸಬೇಕು. ಬರೆಸದೆ ತೋರಿಸಿದರೆ ‘ನಮಗೆ ಗೊತ್ತಿತ್ತು ಸರ್’ ಎಂದು ಎಲ್ಲರೂ ಹೇಳುತ್ತಾರೆ. ನಂತರ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದಾಗ ಪ್ರವಾಹ 0.45ಕ್ಕೆ ಇಳಿಯುವುದನ್ನೂ, ಸಮಾಂತರವಾಗಿ ಸೇರಿಸಿದಾಗ ಬ್ಯಾಟರಿಯಿಂದ ಹೊರಡುವ ಪ್ರವಾಹ 1.8ಕ್ಕೆ ಏರಿ ಮೊದಲ ಬಲ್ಬಿನ ಬೆಳಕು ಹಾಗೆಯೇ ಉಳಿಯುವುದನ್ನೂ ಇದೇ ಕ್ರಮದಲ್ಲಿ ಮಾಡಿಸಿ. ಮನೆಯ ವೈರಿಂಗ್ ಏಕೆ ಸಮಾಂತರ ಜೋಡಣೆಯಲ್ಲಿರುತ್ತದೆ ಎಂಬ ಪ್ರಶ್ನೆ ಆಗ ಮಕ್ಕಳ ಬಾಯಿಂದಲೇ ಬರುತ್ತದೆ.

ಇದಾದ ಮೇಲೆ ನಿಜವಾದ ಶುಷ್ಕಕೋಶ, ಟಾರ್ಚ್ ಬಲ್ಬುಗಳಿಂದ ಅದನ್ನೇ ಮಾಡಿಸುವುದು ಅತ್ಯಗತ್ಯ. ನಿಜವಾದ ಕೋಶಕ್ಕೆ ತನ್ನದೇ ಆಂತರಿಕ ರೋಧ ಇರುವುದರಿಂದ ಎರಡನೆಯ ಬಲ್ಬನ್ನು ಸಮಾಂತರವಾಗಿ ಸೇರಿಸಿದಾಗ ಮೊದಲನೆಯದು ಸ್ವಲ್ಪ ಮಂಕಾಗುತ್ತದೆ, ಹಳೆಯ ಕೋಶವಾದರೆ ಚೆನ್ನಾಗಿಯೇ ಮಂಕಾಗುತ್ತದೆ. ಪರದೆಯ ಮೇಲೆ ಹೀಗಾಗಲಿಲ್ಲವಲ್ಲ ಎಂದು ಒಬ್ಬ ಹುಡುಗನೋ ಹುಡುಗಿಯೋ ಕೇಳಿದರೆ ಆ ದಿನದ ಪಾಠ ಗೆದ್ದಂತೆ.

ಕೈಯಿಂದ ಮಾಡುವ ಸಾಮಗ್ರಿಗೆ ಪುಣೆಯ ಅರವಿಂದ ಗುಪ್ತ ಅವರ ಜಾಲತಾಣಕ್ಕಿಂತ ದೊಡ್ಡ ಖಜಾನೆ ನನಗೆ ತಿಳಿದಂತೆ ಇಲ್ಲ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅವರ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂದಿತು. ಅಲ್ಲಿನ ಕಿರುಚಿತ್ರಗಳಲ್ಲಿ ಮಾತಿಗಿಂತ ಕೈಕೆಲಸವೇ ಹೆಚ್ಚು ಇರುವುದರಿಂದ ಭಾಷೆ ಅಡ್ಡಬರುವುದಿಲ್ಲ. ಒಂದು ಕೋಶ, ಎರಡು ಪಿನ್ನು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದು ಅಯಸ್ಕಾಂತ, ಒಂದು ತಂತಿಸುರುಳಿ ಇಷ್ಟರಿಂದ ತಿರುಗುವ ಮೋಟಾರನ್ನು ಹತ್ತನೆಯ ತರಗತಿಯಲ್ಲಿ ಮಾಡಿಸಿ. ತಾಮ್ರದ ತಂತಿಗೆ ಹಣ ಕೊಡಬೇಕಾಗಿಲ್ಲ: ಕೊಳವೆಬಾವಿಗಳನ್ನೇ ನಂಬಿರುವ ನಮ್ಮ ಸೀಮೆಯಲ್ಲಿ ಊರೂರಿಗೂ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ, ಶಾಲೆಗೆ ಎಂದರೆ ತುಂಡು ತಂತಿಯನ್ನು ಸಂತೋಷದಿಂದ ಕೊಡುತ್ತಾರೆ. ಆ ತಂತಿಗೆ ಎನಾಮಲ್ ಲೇಪನವಿರುತ್ತದೆ. ಸುರುಳಿಯ ಒಂದು ತುದಿಯ ಲೇಪನವನ್ನು ಪೂರ್ತಿ ಕೆರೆದು, ಇನ್ನೊಂದು ತುದಿಯದನ್ನು ಅರ್ಧ ಸುತ್ತಿನಷ್ಟು ಮಾತ್ರ ಕೆರೆಯಬೇಕು. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ತೊಯ್ದಾಡಿ ನಿಂತುಬಿಡುತ್ತದೆ. ದಿಕ್ಪರಿವರ್ತಕ ಏಕೆ ಬೇಕು ಎಂಬುದನ್ನು ಚಿತ್ರ ಬರೆದು ವಿವರಿಸಲು ಹಿಡಿಯುವ ಒಂದು ಅವಧಿಯ ಕೆಲಸವನ್ನು ಈ ಅರ್ಧ ಕೆರೆದ ತುದಿ ಮಾಡಿಬಿಡುತ್ತದೆ.

ನಿಮ್ಮ ಸ್ವಂತ ಸಿದ್ಧತೆಗೆ ಎರಡು ಕಡೆ ನೋಡಿ. ಒಂದು, ಕೋಯರ್ ಎಂದು ಶಿಕ್ಷಕರು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ. ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ ಕಟ್ಟಿದ ಇದರಲ್ಲಿ ನಮ್ಮ ರಾಜ್ಯದ ಶಿಕ್ಷಕರೇ ಬರೆದ ಚಟುವಟಿಕೆಗಳು, ಪರಿಕಲ್ಪನಾ ನಕ್ಷೆಗಳು ಇವೆ. ಅದರಲ್ಲಿನ ಅನೇಕ ಪುಟಗಳು ಹಳೆಯ ಪಠ್ಯಕ್ರಮದ ಕಾಲದವು, ಆದ್ದರಿಂದ ಅಧ್ಯಾಯದ ಸಂಖ್ಯೆ ಹಿಡಿದು ಹುಡುಕದೆ ಪರಿಕಲ್ಪನೆಯ ಹೆಸರು ಹಿಡಿದು ಹುಡುಕಿ. ಇನ್ನೊಂದು, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದ. ಶಿಕ್ಷಣದ ಬಗೆಗಿನ ಲೇಖನಗಳು ಅಲ್ಲಿ ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಶ್ನೆಗಳಿಗೆ ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಪುಸ್ತಕಗಳು ಇಂಗ್ಲಿಷಿನಲ್ಲಿದ್ದರೂ ನಮ್ಮ ಪಠ್ಯ ಎನ್‌ಸಿಇಆರ್‌ಟಿಯ ಪಠ್ಯವನ್ನೇ ಆಧರಿಸಿರುವುದರಿಂದ ನೇರವಾಗಿ ಹೊಂದುತ್ತವೆ. ಮಾದರಿ ಪ್ರಶ್ನೆಪತ್ರಿಕೆ, ನೀಲನಕ್ಷೆಗಳನ್ನು ಪರೀಕ್ಷಾ ಮಂಡಳಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಪ್ರತಿಗಳಲ್ಲಿ ಯಾವ ವರ್ಷದ್ದು ಎಂಬುದೇ ತಿಳಿಯುವುದಿಲ್ಲ.

ನಿಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ, ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಶಿಕ್ಷಕರಿಗೂ ಇದು ಗೊತ್ತಿರುವುದೇ: ಅನೇಕ ಮಕ್ಕಳ ಮನೆಮಾತು ತೆಲುಗು. ಎಂಟನೆಯ ತರಗತಿಗೆ ಬಂದರೂ ಕನ್ನಡದ ದೀರ್ಘ ವಾಕ್ಯ ಓದಲು ತಡವರಿಸುವವರು ವಿಜ್ಞಾನದಲ್ಲಿ ಹಿಂದುಳಿದವರೆಂದು ತಪ್ಪಾಗಿ ಲೆಕ್ಕಕ್ಕೆ ಬರುತ್ತಾರೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ತೆಲುಗು ಎರಡರಲ್ಲೂ ಇವೆ, ವಿಜ್ಞಾನದ ವಿಷಯಗಳ ಮೇಲಿನವೂ ಇವೆ, ಓದಿನ ಮಟ್ಟದ ಪ್ರಕಾರ ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲು ಯಾರ ಅನುಮತಿಯೂ ಬೇಡ. ಒಂದೇ ಕಥೆಯ ಎರಡು ಭಾಷೆಯ ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಕೂತ ಇಬ್ಬರಿಗೆ ಕೊಟ್ಟು, ಒಬ್ಬರಿಗೊಬ್ಬರು ವಿವರಿಸಲು ಬಿಡಿ. ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಕಥೆಯೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸಬಹುದು, ತಲೆಕೆಡಿಸಿಕೊಳ್ಳಬೇಡಿ.

ಮೌಲ್ಯಮಾಪನಕ್ಕೆ ಗೂಗಲ್ ಫಾರ್ಮ್ ಎಲ್ಲರಿಗೂ ಗೊತ್ತು, ಆದರೆ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ತರಗತಿಯಲ್ಲಿ ಅದಕ್ಕೆ ಕೆಲಸವಿಲ್ಲ. ಪ್ಲಿಕರ್ಸ್ ಎಂಬ ಆ್ಯಪ್ ಪ್ರಯತ್ನಿಸಿ. ಪ್ರತಿ ಮಗುವಿಗೂ ಬೇರೆ ಬೇರೆ ಗುರುತಿರುವ ಒಂದೊಂದು ಕಾಗದದ ಕಾರ್ಡ್ ಕೊಡಬೇಕು; ಕಾರ್ಡಿನ ಯಾವ ಬದಿ ಮೇಲಿದೆ ಎಂಬುದರ ಮೇಲೆ ಅವರ ಉತ್ತರ ನಿರ್ಧಾರವಾಗುತ್ತದೆ. ನೀವು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಯಾರು ಯಾವ ಉತ್ತರ ಹಿಡಿದಿದ್ದಾರೆಂದು ಪರದೆಯಲ್ಲಿ ಬರುತ್ತದೆ. ಕಾರ್ಡುಗಳಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾ ಓದುವುದಿಲ್ಲ.

ನೀವು ಕೇಳದಿದ್ದರೂ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ವಿಚಾರ ಹೇಳಬೇಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅಂಥವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದುಕೊಳ್ಳಿ. ನೀವು ಹೊಸದಾಗಿ ಮಾಡುವುದನ್ನೆಲ್ಲ ಆರಂಭದಿಂದಲೇ ಯೂನಿಕೋಡಿನಲ್ಲಿ ಮಾಡಿ. ಮೊಬೈಲಿನ ಕೀಲಿಮಣೆಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವಿದೆ, ಕಲಿಕಾ ಹಾಳೆ ತಯಾರಿಸಲು ಅದು ಸಾಕು. ಚಾಟ್‌ಜಿಪಿಟಿ, ಜೆಮಿನಿಗಳಿಂದ ಪ್ರಶ್ನೆ ತಯಾರಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಲೆಕ್ಕಗಳ ಉತ್ತರವನ್ನು ನೀವೇ ಬಿಡಿಸಿ ನೋಡಿ, ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕಕ್ಕೆ ತಾಳೆ ಹಾಕಿ; ಪರೀಕ್ಷೆಯಲ್ಲಿ ಮಗು ಕಾಣುವುದು ಪಠ್ಯದ ಪದವನ್ನೇ.

ಗೌರಿಬಿದನೂರಿನಲ್ಲಿರುವವರು ಪರದೆಯ ಆಚೆಯೂ ಸ್ವಲ್ಪ ನೋಡಬೇಕು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿದ ರೇಡಿಯೋ ವೀಕ್ಷಣಾಲಯ ನಿಮ್ಮ ತಾಲ್ಲೂಕಿನಲ್ಲೇ ಇದೆ. ದೂರದರ್ಶಕ ಎಂದರೆ ಗಾಜಿನ ಮಸೂರವಿರುವ ಕೊಳವೆ ಎಂದಷ್ಟೇ ತಿಳಿದಿರುವ ಮಕ್ಕಳಿಗೆ, ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳು ಸೂರ್ಯನನ್ನು ನೋಡುತ್ತವೆ ಎಂಬುದು ಬೇರೆಯೇ ಅನುಭವ. ಮುಖ್ಯ ಶಿಕ್ಷಕರ ಮೂಲಕ ಮುಂಚಿತವಾಗಿ ಪತ್ರ ಬರೆದು ಕೇಳಿ ನೋಡಿ.

ಇನ್ನು ಹಣದ ವಿಚಾರ. ಯಾವ ಆ್ಯಪ್‌ಗೂ ಚಂದಾ ಕಟ್ಟಬೇಡಿ. ಮೇಲೆ ಹೇಳಿದ್ದನ್ನೆಲ್ಲ ಬಿಡಿಗಾಸು ಖರ್ಚಿಲ್ಲದೆ ಬಳಸಬಹುದು, ಒಂದು ವರ್ಷದ ಚಂದಾ ಮುಗಿದ ದಿನ ಶಾಲೆಯಲ್ಲಿ ಏನೂ ಉಳಿದಿರುವುದಿಲ್ಲ. ಬದಲಿಗೆ ಉದ್ದನೆಯ ಎಚ್‌ಡಿಎಂಐ ಕೇಬಲ್, ಹಿಂದಿನ ಬೆಂಚಿಗೂ ಕೇಳಿಸುವ ಒಂದು ಸ್ಪೀಕರ್, ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್, ಎರಡು ಪೆನ್‌ಡ್ರೈವ್, ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ತೆಗೆದುಕೊಳ್ಳಿ, ಏಕೆಂದರೆ ಕರೆಂಟ್ ಹೋಗುವುದು ಸಾಮಾನ್ಯವಾಗಿ ನಿಮ್ಮ ಅವಧಿಯಲ್ಲೇ. ಹಣ ಇನ್ನೂ ಉಳಿದರೆ ಟಾರ್ಚ್ ಬಲ್ಬು, ಹೋಲ್ಡರ್, ಅಯಸ್ಕಾಂತಗಳನ್ನು ಐದೈದು ಮಕ್ಕಳ ಗುಂಪಿಗೆ ಒಂದರಂತೆ ಸಾಕಾಗುವಷ್ಟು ಕೊಳ್ಳಿ. ಬಿಲ್ಲುಗಳನ್ನು ಜೋಪಾನವಾಗಿಟ್ಟು, ಎಲ್ಲವನ್ನೂ ಶಾಲೆಯ ದಾಸ್ತಾನು ವಹಿಯಲ್ಲಿ ನಮೂದಿಸಿ ಮುಖ್ಯ ಶಿಕ್ಷಕರ ಸಹಿ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ. ನಿಮಗೆ ವರ್ಗಾವಣೆಯಾದರೂ ಅವು ಅಲ್ಲಿಯೇ ಇರಬೇಕಾದ ವಸ್ತುಗಳು.