ಆಸಿಡ್ ತೊಟ್ಟಿಯ ರೋಲರ್‌ಗೆ ಅಸಿಟಾಲ್ ಬೇರಿಂಗ್ ಬೇಡ

ಹೈಡ್ರೋಕ್ಲೋರಿಕ್ ಆಸಿಡ್ ತೊಟ್ಟಿಯ ರೋಲರ್‌ಗೆ ಗ್ರೀಸ್ ಬೇಡದ ಅಸಿಟಾಲ್ (ಒಂದು ಗಟ್ಟಿ ಪ್ಲಾಸ್ಟಿಕ್) ಬೇರಿಂಗ್ ಆಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಅಸಿಟಾಲ್ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ, ಆದರೆ ಇಂಥ ಆಸಿಡ್ ಅದನ್ನು ತಿಂದುಹಾಕುತ್ತದೆ. ನೈಲಾನ್ ಕೂಡ ಅಷ್ಟೇ, ಜೊತೆಗೆ ನೀರು ಹೀರಿ ಊದಿಕೊಳ್ಳುತ್ತದೆ.

ಪಾಲಿಪ್ರೊಪಿಲೀನ್ ರಿಂಗ್, ಗಾಜಿನ ಗುಂಡು ಇರುವುದನ್ನು ತಗೊಳ್ಳಿ. ಬಿಸಿ ಜಾಸ್ತಿ ಇದ್ದರೆ ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್ಕಿನ ರಿಂಗ್ ಇರುವುದು. ಸ್ಟೇನ್‌ಲೆಸ್ ಗುಂಡು, 316 ದರ್ಜೆಯ ಸ್ಟೀಲ್ ಆದರೂ ಸರಿ, ಈ ಆಸಿಡ್‌ನಲ್ಲಿ ಉಳಿಯುವುದಿಲ್ಲ, ಮತ್ತೆ ಗುಂಡುಗಳನ್ನು ಹಿಡಿದಿಡುವ ಒಳಗಿನ ಕೇಜ್ ಯಾವ ಪ್ಲಾಸ್ಟಿಕ್ಕಿನದು ಅಂತಲೂ ಕೇಳಿ, ತುಂಬ ಜನ ಇದನ್ನೇ ಮರೆಯುತ್ತಾರೆ. ಹೈಡ್ರೋಫ್ಲೋರಿಕ್ ಆಸಿಡ್ ಬಳಸುವುದಾದರೆ ಮಾತ್ರ ಗಾಜು ಬೇಡ, ಕರಗಿಹೋಗುತ್ತದೆ.

ಲೋಡ್, ವೇಗ ಎರಡೂ ಸ್ಟೀಲ್‌ಗಿಂತ ತುಂಬ ಕಡಿಮೆ ಇಟ್ಟುಕೊಳ್ಳಿ. ಶಾಫ್ಟ್‌ಗೆ ಬಿಗಿಯಾಗಿ ಬಡಿದು ಕೂರಿಸಬೇಡಿ, ರಿಂಗ್ ಹಿಗ್ಗಿ ಗುಂಡು ಸಿಕ್ಕಿಕೊಳ್ಳುತ್ತದೆ.