ಸೋದರಮಾವನಿಗೆ ಹಿಮೊಫಿಲಿಯಾ ಇದ್ದರೆ ನಿಮ್ಮ ಮಕ್ಕಳಿಗೆ?

ಸೋದರಮಾವನಿಗೆ ತೀವ್ರ ಹಿಮೊಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ವಂಶವಾಹಿ ಕಾಯಿಲೆ), ಇಬ್ಬರು ಅಣ್ಣಂದಿರು ಚೆನ್ನಾಗಿದ್ದಾರೆ, ನನ್ನ ಎಪಿಟಿಟಿ (ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಟೆಸ್ಟ್) ನಾರ್ಮಲ್, ಇನ್ನು ಭಯವಿಲ್ಲ ತಾನೇ ಅಂತ ಕೇಳಿದ್ದೀರಿ. ಎಪಿಟಿಟಿ ನಂಬಿ ಕೂರಬೇಡಿ. ಈ ಕಾಯಿಲೆಯ ದೋಷ ಇರುವುದು ಎಕ್ಸ್ ಕ್ರೋಮೊಸೋಮ್‌ನಲ್ಲಿ. ಹೆಣ್ಣಿನ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ಗಳ ಪೈಕಿ ಒಂದೇ ಕೆಲಸ ಮಾಡುವುದು. ಯಾವುದು ಅನ್ನುವುದು ಲಾಟರಿ. ಹಾಗಾಗಿ ವಾಹಕಿಯರಲ್ಲೂ (ಒಂದು ಎಕ್ಸ್‌ನಲ್ಲಿ ದೋಷ ಹೊತ್ತ ಹೆಣ್ಣುಮಕ್ಕಳಲ್ಲೂ) ಫ್ಯಾಕ್ಟರ್ 8, ಅಂದರೆ ಈ ಕಾಯಿಲೆಯಲ್ಲಿ ಕೊರತೆಯಾಗುವ ಹೆಪ್ಪುಗಟ್ಟಿಸುವ ಪ್ರೋಟೀನ್, ನಾರ್ಮಲ್ ಬರಬಹುದು. ಬಸುರಿಯಾದಾಗ ಅದು ತಾನಾಗಿಯೇ ಏರುತ್ತದೆ, ಆಗಿನ ರಿಪೋರ್ಟ್ ಇನ್ನೂ ದಾರಿ ತಪ್ಪಿಸುತ್ತದೆ.

ಅಜ್ಜಿ ವಾಹಕಿ ಎಂದಿಟ್ಟುಕೊಂಡರೆ ಅಮ್ಮನೂ ವಾಹಕಿಯಾಗಿರುವ ಸಾಧ್ಯತೆ 50%. ಇಬ್ಬರು ಗಂಡುಮಕ್ಕಳೂ ಪಾರಾಗಿರುವುದರಿಂದ ಅದು 20%ಕ್ಕೆ ಇಳಿಯುತ್ತದೆ. ನೀವು ವಾಹಕಿಯಾಗಿರುವ ಸಾಧ್ಯತೆ 10%, ನಿಮಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ 5%.

ಜೀನ್ ಟೆಸ್ಟ್ ಮೊದಲು ಮಾವನಿಗೇ ಆಗಬೇಕು. ತೀವ್ರ ರೋಗಿಗಳಲ್ಲಿ ಸುಮಾರು 45% ಜನರಿಗೆ ಇರುವುದು ಇಂಟ್ರಾನ್ 22 ಇನ್ವರ್ಷನ್, ಅಂದರೆ ಫ್ಯಾಕ್ಟರ್ 8 ಜೀನ್‌ನ ಒಂದು ಭಾಗ ತಲೆಕೆಳಗಾಗಿರುವುದು. ಮಾಮೂಲಿ ಸೀಕ್ವೆನ್ಸಿಂಗ್‌ನಲ್ಲಿ ಇದು ತಪ್ಪಿಹೋಗುತ್ತದೆ, ಹೆಸರು ಹೇಳಿಯೇ ಬರೆಸಿ. ಸಿಕ್ಕ ದೋಷವನ್ನೇ ಅಮ್ಮನಲ್ಲಿ, ಆಮೇಲೆ ನಿಮ್ಮಲ್ಲಿ ಹುಡುಕಿಸಿ. ನಿಮ್ಮಲ್ಲೂ ಇದ್ದರೆ ಬಸಿರಿನ 11ರಿಂದ 13ನೇ ವಾರದಲ್ಲಿ ಸಿವಿಎಸ್ (ಮಾಸಿನ ಚೂರು ತೆಗೆದು ಭ್ರೂಣದ ಜೀನ್ ನೋಡುವ ಟೆಸ್ಟ್) ಮಾಡಿಸಬಹುದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೇ ಇಂಥ ಕಾಯಿಲೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ.

ಮಾವನ ಮಗನ ಸಂಬಂಧ ಬಂದಿದೆ ಅಂದಿರಿ. ಅವನಿಗೆ ಅಪ್ಪನಿಂದ ಬಂದಿರುವುದು ವೈ, ಎಕ್ಸ್ ಅಲ್ಲ. ಹಿಮೊಫಿಲಿಯಾ ಮಟ್ಟಿಗೆ ಅಪಾಯ ಹೆಚ್ಚುವುದಿಲ್ಲ (ಬೇರೆ ಕಾಯಿಲೆಗಳ ಮಾತು ಬೇರೆ). ಆದರೆ ಅಣ್ಣನಿಗೆ ಮಾವನ ಮಗಳನ್ನು ತಂದರೆ, ಆಕೆ ಖಚಿತವಾಗಿ ವಾಹಕಿ. ಅವರ ಪ್ರತಿ ಗಂಡುಮಗುವಿಗೂ 50%.