ಮರುಭೂಮಿಯ ರಬ್ಬರ್ ಗಿಡ ನಮ್ಮ ಮಸಾರಿಗೆ ಬಂದೀತೇ?

ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಆರು ಎಕರೆ ಮಸಾರಿ ಹೊಲ. ಶೇಂಗಾ ಹಾಕಿ ಹಾಕಿ ಸಾಕಾಗಿದೆ. ಗ್ವಾಯೂಲೆ ಎಂಬ ಮೆಕ್ಸಿಕೊದ ಗಿಡ ಹಾಕಿ, ನೀರೇ ಬೇಡ, ರಬ್ಬರ್ ಬರುತ್ತದೆ ಎಂದು ಒಬ್ಬರು ಸಸಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? ರಬ್ಬರ್ ಬಿಟ್ಟು ಅದರಿಂದ ಇನ್ನೇನು ಸಿಗುತ್ತದೆ? ನಮ್ಮ ಎಕ್ಕದ ಹಾಲಿನಲ್ಲೇ ರಬ್ಬರ್ ಇದೆ ಅಂತ ಮಗ ಬಾಟಲಿಯಲ್ಲಿ ಹಿಡಿದಿಟ್ಟಿದ್ದಾನೆ, ನಿಜವೇ?"

ಮಾನ್ಯರೇ,

ಮುಂಗಡ ಕೊಡಬೇಡಿ. ಇದಿಷ್ಟನ್ನು ಮೊದಲೇ ಹೇಳಿ ಗಿಡದ ವಿಚಾರಕ್ಕೆ ಬರುತ್ತೇನೆ. ಗಿಡವೇನೂ ಸುಳ್ಳಲ್ಲ, ರಬ್ಬರ್ ಕೊಡುವುದೂ ನಿಜ.

ಗ್ವಾಯೂಲೆ ಉತ್ತರ ಮೆಕ್ಸಿಕೊ ಮತ್ತು ಟೆಕ್ಸಾಸಿನ ಮರುಭೂಮಿಯ ಪೊದೆ. ಬೆಳ್ಳಿ ಬೂದು ಎಲೆ, ಎರಡು ಮೂರು ಅಡಿ ಎತ್ತರ. ಸುಳ್ಯದ ರಬ್ಬರ್ ಮರಕ್ಕೆ ಮಾಡಿದಂತೆ ಇದರ ತೊಗಟೆ ಗೀರಿ ಚಿಪ್ಪು ಕಟ್ಟಿದರೆ ಏನೂ ಇಳಿಯುವುದಿಲ್ಲ. ಇಲ್ಲಿ ರಬ್ಬರ್ ತೊಗಟೆ ಮತ್ತು ಕಾಂಡದ ಒಂದೊಂದು ಜೀವಕೋಶದೊಳಗೂ ಕಣಕಣವಾಗಿ ಕೂತಿರುತ್ತದೆ. ಕೋಶ ಒಡೆಯದೆ ಅದು ಹೊರಗೆ ಬಾರದು. ಮೆಕ್ಸಿಕೊದ ಮೂಲನಿವಾಸಿಗಳು ಈ ಕೆಲಸವನ್ನು ಹಲ್ಲಿನಿಂದಲೇ ಮಾಡುತ್ತಿದ್ದರು. ತೊಗಟೆ ಅಗಿದು, ನಾರು ಉಗುಳಿ, ಬಾಯಲ್ಲಿ ಉಳಿದ ಅಂಟನ್ನು ಚೆಂಡು ಮಾಡುತ್ತಿದ್ದರು. ಆಮೇಲೆ ಬಂದ ಕಾರ್ಖಾನೆಗಳು ಗಿಡವನ್ನು ಕೊಚ್ಚಿ, ಬೆಣಚುಕಲ್ಲು ತುಂಬಿದ ತಿರುಗುವ ಪೀಪಾಯಿಯಲ್ಲಿ ನೀರು ಹಾಕಿ ಅರೆದವು. ನೆನೆದ ನಾರು ತಳ ಸೇರುತ್ತಿತ್ತು, ರಬ್ಬರ್ ಎಳೆಎಳೆಯಾಗಿ ಮೇಲೆ ತೇಲುತ್ತಿತ್ತು. ಈಗ ಅಸಿಟೋನ್, ಹೆಕ್ಸೇನ್‌ನಂಥ ದ್ರಾವಕ ಬಳಸಿ ತೆಗೆಯುತ್ತಾರೆ. ಹಾಲಿನ ರೂಪದ ರಬ್ಬರ್, ಅಂದರೆ ಲೇಟೆಕ್ಸ್ ಬೇಕೆಂದರೆ ಹಸಿ ಗಿಡವನ್ನೇ ನೀರಿನಲ್ಲಿ ಅರೆಯುತ್ತಾರೆ.

ಒಂದು ಕಾಲಕ್ಕೆ ಇದು ದೊಡ್ಡ ವ್ಯಾಪಾರ. 1910ರ ಸುಮಾರಿಗೆ ಜಗತ್ತಿನ ರಬ್ಬರಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಗ್ವಾಯೂಲೆಯದು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮಲಯಾದ ತೋಟಗಳನ್ನು ಹಿಡಿದಾಗ, 1942ರಲ್ಲಿ ಅಮೆರಿಕ ಸರ್ಕಾರ ತುರ್ತಾಗಿ ಯೋಜನೆ ಹಾಕಿ 30,000 ಎಕರೆಗೂ ಮಿಕ್ಕಿ ಇದನ್ನು ನೆಡಿಸಿತು. ಯುದ್ಧ ಮುಗಿಯಿತು, ಸಿಂಥೆಟಿಕ್ ರಬ್ಬರ್ ಬಂತು, ಮಲಯಾದ ಮಾಲೂ ಮತ್ತೆ ಬಂತು. 1946ರ ಹೊತ್ತಿಗೆ ಯೋಜನೆಯನ್ನೇ ಮುಚ್ಚಿದರು. ನಿಂತಿದ್ದ ಬೆಳೆಯಲ್ಲಿ ಬಹುಪಾಲನ್ನು ಉತ್ತು, ಸುಟ್ಟು ಹಾಕಿದರು.

ಈಗ ಲೆಕ್ಕ. ಒಣಗಿದ ಗಿಡದ ತೂಕದಲ್ಲಿ ರಬ್ಬರ್ ಸಾಮಾನ್ಯವಾಗಿ ಶೇಕಡಾ 5ರಿಂದ 10. ಎಂಟೇ ಹಿಡಿಯೋಣ. ಕ್ವಿಂಟಲ್ ಒಣಗಿಡಕ್ಕೆ 8 ಕಿಲೋ ರಬ್ಬರ್, ಕಿಲೋಗೆ 200 ರೂಪಾಯಿ ಅಂದರೂ 1,600 ರೂಪಾಯಿ. ಅದರಲ್ಲೇ ಕಟಾವು, ಸಾಗಾಟ, ದ್ರಾವಕ, ಕಾರ್ಖಾನೆಯ ಖರ್ಚು ಎಲ್ಲ ಕಳೆಯಬೇಕು, ಉಳಿದರೆ ನಿಮಗೆ. ಮೊದಲ ಕಟಾವಿಗೇ ಎರಡು ವರ್ಷ ಕಾಯಬೇಕು. ದಾವಣಗೆರೆ ಕಡೆಯವರು ನಾಲ್ಕು ತಿಂಗಳಲ್ಲಿ ತೆಗೆಯುವ ಮೆಕ್ಕೆಜೋಳಕ್ಕೆ 2024-25ರ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 2,225 ರೂಪಾಯಿ ಇತ್ತು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯ. ನಿಮ್ಮೂರ ಎಣ್ಣೆ ಮಿಲ್ಲಿನವರನ್ನು ಕೇಳಿ ನೋಡಿ: ಹಿಂಡಿ ಮಾರದೆ, ಸಿಪ್ಪೆ ಉರಿಸದೆ, ಬರೀ ಎಣ್ಣೆಯಿಂದ ಮಿಲ್ ನಡೆಸಿಯಾರೇ? ಗ್ವಾಯೂಲೆಯದೂ ಅದೇ ಕಥೆ. ರಬ್ಬರಿನಷ್ಟೇ ತೂಕದ ರಾಳ ಬರುತ್ತದೆ. ಮರಕ್ಕೆ ಗೆದ್ದಲು ಹತ್ತದಂತೆ ಬಳಿಯಲು, ಅಂಟು ಮಾಡಲು ಅದನ್ನು ಪ್ರಯೋಗಿಸಿ ನೋಡಿದ್ದಾರೆ. ಉಳಿದ ಎಂಬತ್ತು ಚಿಲ್ಲರೆ ಭಾಗ ಬರೀ ಸಿಪ್ಪೆ. ಬಾಯ್ಲರಿಗೆ ಉರುವಲು, ಇಲ್ಲವೇ ಒತ್ತಿ ಹಲಗೆ. ಹೆಚ್ಚಿನ ಬೆಲೆ ಸಿಗುವ ಜಾಗವೊಂದಿದೆ. ರಬ್ಬರ್ ಮರದ ಹಾಲಿನ ಪ್ರೋಟೀನ್ ಕೆಲವರಿಗೆ ಅಲರ್ಜಿ ತರುತ್ತದೆ, ಗ್ವಾಯೂಲೆ ಲೇಟೆಕ್ಸ್‌ನಲ್ಲಿ ಆ ಪ್ರೋಟೀನ್ ಇಲ್ಲ. ಅದರಿಂದ ಮಾಡಿದ ವೈದ್ಯಕೀಯ ಗ್ಲೌಸಿಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಟೈರಿನ ವಿಷಯಕ್ಕೆ ಬಂದರೆ, ಬ್ರಿಜ್‌ಸ್ಟೋನ್ 2014ರಲ್ಲಿ ಅರಿಝೋನಾದ ಮೆಸಾದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ತೆರೆಯಿತು. 2022ರಲ್ಲಿ ರೇಸ್ ಕಾರಿನ ಟೈರಿನ ಪಕ್ಕಗಳಿಗೆ ಈ ರಬ್ಬರ್ ಬಂತು. ಅಷ್ಟು ದುಡ್ಡಿರುವ ಕಂಪನಿಗೇ ಅಲ್ಲಿಗೆ ಮುಟ್ಟಲು ಎಂಟು ವರ್ಷ ಹಿಡಿಯಿತು ಅನ್ನುವುದನ್ನು ಗಮನಿಸಿ. ಜೊತೆಗೆ, ಕತ್ತರಿಸಿದ ಗಿಡ ಸುಮ್ಮನೆ ಬಿದ್ದಿದ್ದರೆ ರಬ್ಬರಿನ ಗುಣ ಕೆಡುತ್ತದೆ. ಕಾರ್ಖಾನೆ ಹತ್ತಿರವೇ ಇರಬೇಕು. ನಿಮ್ಮ ಬಳಿ ಬಂದವರು ಸಸಿಯ ಮಾತಾಡಿದ್ದಾರೆ, ಅರೆಯುವ ಕಾರ್ಖಾನೆಯ ಸೊಲ್ಲೇ ಪತ್ರದಲ್ಲಿಲ್ಲ.

ನೀರೇ ಬೇಡ ಎನ್ನುವುದು ಅರ್ಧ ನಿಜ. ಚಳ್ಳಕೆರೆ, ಮೊಳಕಾಲ್ಮೂರಿನ ಮಳೆಯಲ್ಲಿ ಗಿಡ ಬದುಕೀತು. ತೂಕ ಬರಬೇಕೆಂದರೆ ಅರಿಝೋನಾದವರೂ ನೀರು ಹಾಯಿಸುತ್ತಾರೆ. ಎರೆ ಹೊಲ ಇದಕ್ಕಾಗದು, ನೀರು ನಿಂತರೆ ಬೇರು ಕೊಳೆಯುತ್ತದೆ. ನಿಮ್ಮ ಮಸಾರಿ ಆ ಮಟ್ಟಿಗೆ ಸರಿ. ನನಗೆ ದೊಡ್ಡ ಅನುಮಾನ ಇರುವುದು ಚಳಿಯ ಬಗ್ಗೆ. ಈ ಗಿಡ ರಬ್ಬರ್ ಕಟ್ಟುವುದು ಮುಖ್ಯವಾಗಿ ಚಳಿಗಾಲದಲ್ಲಿ, ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದಾಗ. ನಮ್ಮ ದುರ್ಗದ ಸೀಮೆಯಲ್ಲಿ ಡಿಸೆಂಬರ್, ಜನವರಿಯಲ್ಲೂ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಪೊದೆ ಹುಲುಸಾಗಿ ಬೆಳೆದು, ಒಳಗೆ ರಬ್ಬರ್ ಕಡಿಮೆ ಇದ್ದರೆ ಯಾರನ್ನು ಕೇಳುವಿರಿ?

ಇನ್ನೊಂದು ಸಂಗತಿಯನ್ನು ಸಸಿ ಮಾರುವವರು ಹೇಳಿರಲಾರರು. ಗ್ವಾಯೂಲೆ ನಮ್ಮ ಕಾಂಗ್ರೆಸ್ ಗಿಡದ ಖಾಸಾ ದಾಯಾದಿ. ಇದೂ ಪಾರ್ಥೇನಿಯಂ, ಅದೂ ಪಾರ್ಥೇನಿಯಂ. ಗ್ವಾಯೂಲೆ ಅದರಂತೆ ಹೊಲ ನುಂಗುವ ಕಳೆಯಲ್ಲ, ನಿಧಾನದ ಗಿಡ, ಅದನ್ನು ಒಪ್ಪಬೇಕು. ಆದರೆ ಇದರ ರಾಳದಲ್ಲಿರುವ ಒಂದು ಪದಾರ್ಥ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಚರ್ಮಕ್ಕೆ ಜೋರು ಅಲರ್ಜಿ ತಂದಿದೆ. ಕಾಂಗ್ರೆಸ್ ಗಿಡ ಕಿತ್ತು ಕೈ ತುರಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರದೇಶದ ಬೀಜ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರ್ಮಿಟ್ ಬೇಕು. ಬಂದವರಿಗೆ ಅದನ್ನು ತೋರಿಸಿ ಎನ್ನಿ. ತೋರಿಸಿದರೆ ಆ ಕಾಗದ ಹಿಡಿದು ಹಿರಿಯೂರಿನ ಬಬ್ಬೂರು ಫಾರ್ಮಿಗೆ ಹೋಗಿ ವಿಜ್ಞಾನಿಗಳ ಹತ್ತಿರ ಮಾತಾಡಿ. ಶೇಂಗಾದಿಂದ ಬಿಡುವು ಬೇಕಿದ್ದರೆ ಹುಣಸೆ, ಸೀತಾಫಲದ ವಿಚಾರವನ್ನೂ ಅಲ್ಲೇ ಕೇಳಿ. ಅವಕ್ಕೆ ಮಾರುಕಟ್ಟೆ ಈಗಾಗಲೇ ಇದೆ.

ಎಕ್ಕದ ಹಾಲಿನಲ್ಲಿ ರಬ್ಬರ್ ಇರುವುದು ಹೌದು, ಆದರೆ ಅಲ್ಪ. ಗಟ್ಟಿ ಪದಾರ್ಥದಲ್ಲಿ ಹೆಚ್ಚಿನದು ರಾಳದಂಥದ್ದು. ಒಣಗಿದರೆ ಜಿಗುಟು, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಬಾರದು. ಕಳ್ಳಿಯದೂ ಹೆಚ್ಚುಕಡಿಮೆ ಹೀಗೇ. ಹುಡುಗನ ಕುತೂಹಲಕ್ಕೆ ಅಡ್ಡಿಪಡಿಸಬೇಡಿ, ಆದರೆ ಆ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದರೆ ಉಜ್ಜದೆ, ತುಂಬ ನೀರಿನಲ್ಲಿ ತೊಳೆದು ಕೂಡಲೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ.

— ಸಂಪಾದಕ